ಷರತ್ತು ಹಾಕುವುದು ಅಪನಂಬಿಕೆಯೇ?

ಬಾಡಿಗೆ ಮನೆ ಹಿಡಿಯುವಾಗ ನಾವು ಕರಾರು ಪತ್ರ ಬರೆಸುತ್ತೇವೆ. ಮುಂಗಡ ಎಷ್ಟು, ಸುಣ್ಣಬಣ್ಣ ಯಾರ ಖರ್ಚು ಎಂಬುದೂ ಅದರಲ್ಲಿರುತ್ತದೆ. ಆದರೆ ಇಡೀ ಬದುಕಿನ ಸಂಬಂಧ ಕುದುರಿಸುವಾಗ ಮಹರ್ ಮೊತ್ತವೊಂದನ್ನು ಬರೆದು, ಸಹಿ ಹಾಕಿ, ಊಟಕ್ಕೆ ಏಳುತ್ತೇವೆ.

ಹುಡುಗಿ ಓದು ಮುಂದುವರಿಸಬಹುದೇ? ಉದ್ಯೋಗ ಮಾಡಬಹುದೇ? ಅವಳ ಚಿನ್ನ ಯಾರ ವಶದಲ್ಲಿರಬೇಕು? ಇವನ್ನು ಕೇಳಿದರೆ, 'ಕೂಡುವ ಮುನ್ನವೇ ಮುರಿಯುವ ಮಾತೇಕೆ, ನಂಬಿಕೆ ಇರಬೇಕು' ಎಂದು ಹಿರಿಯರು ಗದರುತ್ತಾರೆ. ನಂಬಿಕೆ ಬೇಕು, ನಿಜ. ಆದರೆ ಸಾಲದ ವ್ಯವಹಾರವನ್ನು ಬರೆದಿಡಲು ಕುರ್‌ಆನ್ (2:282) ಆದೇಶಿಸಿದ್ದು ನಂಬಿಕೆ ಕೆಡಿಸಲಿಕ್ಕಲ್ಲ, ಉಳಿಸಲಿಕ್ಕೆ.

ನಿಕಾಹ್ ಕೂಡ ಕರಾರೇ. ಧರ್ಮಸಮ್ಮತ ಷರತ್ತುಗಳನ್ನು ನಿಕಾಹ್‌ನಾಮಾದಲ್ಲಿ ಸೇರಿಸಲು ಅವಕಾಶವಿದೆ. ನಿರ್ದಿಷ್ಟ ಸಂದರ್ಭಗಳಲ್ಲಿ ತಲಾಕ್‌ನ ಅಧಿಕಾರವನ್ನು ಪತಿಯು ಪತ್ನಿಗೆ ವಹಿಸಿಕೊಡುವ 'ತಫ್ವೀಝ್' ಅನ್ನು ನಮ್ಮ ನ್ಯಾಯಾಲಯಗಳೂ ಮಾನ್ಯ ಮಾಡಿವೆ. ಒಂದೇ ಬಾರಿಗೆ ಮೂರು ತಲಾಕ್ ಹೇಳುವಂತಿಲ್ಲ ಎಂಬ ಷರತ್ತು ಸೇರಿಸಿಕೊಳ್ಳಲು ವಧೂವರರಿಗೆ ತಿಳಿಹೇಳಬೇಕೆಂದು ಖಾಝಿಗಳಿಗೆ ಸಲಹೆ ನೀಡುವುದಾಗಿ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿಯೇ 2017ರಲ್ಲಿ ಸುಪ್ರೀಂ ಕೋರ್ಟ್‌ಗೆ ಪ್ರಮಾಣಪತ್ರ ಸಲ್ಲಿಸಿತ್ತು. ಹಾಗಿರುವಾಗ ಬಾಗಿಲು ಮುಚ್ಚಿರುವುದು ಶರೀಅತ್ ಅಲ್ಲ, ನಮ್ಮ ಸಂಕೋಚ.

ಕಾಗದ ಪ್ರೀತಿಯನ್ನು ತಂದುಕೊಡುವುದಿಲ್ಲ. ಆದರೆ ಬರೆಯಲು ಕುಳಿತಾಗ ಇಬ್ಬರೂ ಮನಬಿಚ್ಚಿ ಮಾತಾಡಲೇಬೇಕಾಗುತ್ತದೆ. ಜಗಳದ ದಿನ ನ್ಯಾಯ ನೆನಪಿರುವುದು ಕಷ್ಟ. ಪರಸ್ಪರ ಒಳಿತು ಬಯಸುವ ದಿನವೇ ಅದನ್ನು ಬರೆದಿಡುವುದು ವಿವೇಕ. ಸಭಾಭವನ ಗೊತ್ತುಪಡಿಸುವ ಮುನ್ನ ನಾವು ಮಗಳನ್ನೊಮ್ಮೆ ಕೇಳೋಣ: ನಿನ್ನ ಷರತ್ತೇನಮ್ಮಾ?