ಕಲೆಯೂ ಕಾಯಕವೇ

ಭಾವವುಕ್ಕಿದಾಗ ಮಾತ್ರ ಕಲೆ ಹುಟ್ಟುವುದೆಂದು ಹಲವರು ನಂಬಿರುವರು. ಆದರೆ ಉಕ್ಕಿದ ಹಾಲು ಒಲೆಯ ಪಾಲಾಗುವುದಲ್ಲದೆ ಬಟ್ಟಲಿಗೆ ಬಾರದು. ಹೊಗಳಿಕೆಗೆ ಹಿಗ್ಗಿ ತೆಗಳಿಕೆಗೆ ಕುಗ್ಗುವ ಮನಸ್ಸು ಅನ್ಯರ ಅಧೀನವಾದುದು. ಅದು ಸೃಷ್ಟಿಗೆ ಸಮರ್ಥವಾಗದು.

ಧಾರವಾಡದ ಬಳಿಯ ಮನಸೂರಿನಲ್ಲಿ 1910ರಲ್ಲಿ ಜನಿಸಿದ ಮಲ್ಲಿಕಾರ್ಜುನ ಮನಸೂರರು, ನೀಲಕಂಠಬುವಾ ಅವರಲ್ಲಿ ಕಲಿತು ಗಾಯಕರೆನಿಸಿದ ಮೇಲೂ ಮಂಜೀಖಾನರ ಮುಂದೆ ಮತ್ತೆ ಶಿಷ್ಯರಾಗಿ ಕುಳಿತರು. 1937ರಲ್ಲಿ ಆ ಗುರುಗಳು ತೀರಿಕೊಂಡರು. ಸಾಧನೆ ಮುರಿಯಲಿಲ್ಲ, ಗುರುಗಳ ತಮ್ಮ ಭುರ್ಜೀಖಾನರಲ್ಲಿ ಅದು ಮುಂದುವರಿಯಿತು.

ದುಃಖವನ್ನು ಅಲ್ಲಗಳೆಯಬೇಕೆಂದಲ್ಲ, ದುಃಖದ ದಿನವೂ ತಂಬೂರಿಯನ್ನು ಶ್ರುತಿಗೂಡಿಸುವ ಅಭ್ಯಾಸವಿರಬೇಕು. ನೇಕಾರನು ಮನಸ್ಸು ಬಂದಂದು ಮಾತ್ರ ಮಗ್ಗಕ್ಕೆ ಕೂರುವನೇ? ಕಲೆಯನ್ನು ಕಾಯಕವೆಂದು ಬಗೆದವನಿಗೆ ಕೀರ್ತಿ ಭಾರವಾಗದು, ಅಪಕೀರ್ತಿ ಅಡ್ಡಿಯಾಗದು. ನಿತ್ಯದ ನಿಷ್ಠೆಯೇ ಭಾವಕ್ಕೆ ಬಟ್ಟಲಾಗುವುದು.