ಒಂದು ರಾತ್ರಿಯ ನೆಲ

ಶಿವರಾತ್ರಿಗೆ ಇನ್ನೂ ಏಳೆಂಟು ದಿನ ಇರುವಾಗಲೇ ಕುಣಿಗಲ್‌ನಿಂದ ಯಡಿಯೂರಿಗೆ ಹೋಗುವ ಹೆದ್ದಾರಿಯ ಅಂಚಿನಲ್ಲಿ ಸಾಲುಸಾಲು ಜನ ಕಾಣತೊಡಗುತ್ತಾರೆ. ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ನಡೆದು ಹೊರಟವರು. ನೆಲಮಂಗಲ, ಕುಣಿಗಲ್, ಯಡಿಯೂರು, ಚನ್ನರಾಯಪಟ್ಟಣ, ಹಾಸನ ದಾಟಿ, ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆ ಸೇರುವ ಸುಮಾರು 300 ಕಿ.ಮೀ. ದಾರಿ, ಹೆಚ್ಚುಕಡಿಮೆ ಒಂದು ವಾರದ ನಡಿಗೆ. ಬಿಸಿಲಿಗೆ ಹೆದರಿ ಬೆಳಗಿನ ಜಾವ ಮೂರಕ್ಕೇ ಎದ್ದು ಹೊರಡುತ್ತಾರೆ, ಮಧ್ಯಾಹ್ನ ನೆರಳು ಸಿಕ್ಕಲ್ಲಿ ಉರುಳುತ್ತಾರೆ. ರಾತ್ರಿಗೆ ಶಾಲೆಯ ಜಗುಲಿ, ಛತ್ರ, ಯಾರೋ ದಾನಿಗಳು ಹಾಕಿಸಿದ ಶಾಮಿಯಾನ. ಅದೂ ಸಿಗದಿದ್ದರೆ ಯಾರದೋ ತೋಟ. ಮೊದಲು ಟಾರ್ಪಾಲು ಹಾಸಿಕೊಳ್ಳುತ್ತಿದ್ದರು, ಈಚೆಗೆ ಬಣ್ಣಬಣ್ಣದ ಟೆಂಟುಗಳೂ ಬಂದಿವೆ.

ನಮ್ಮ ದೊಡ್ಡಮ್ಮನ ತೆಂಗಿನ ತೋಟ ಆ ರಸ್ತೆಗೆ ಅಂಟಿಕೊಂಡೇ ಇದೆ. ಅವಳು ಯಾರನ್ನೂ ಕರೆಯುವುದಿಲ್ಲ, ಯಾರಿಗೂ ಬೇಡ ಎನ್ನುವುದಿಲ್ಲ. "ನಡ್ಕಂಡ್ ಬಂದೋರು ಮಲಿಕ್ಕಂತಾರೆ, ನೆಲ ಏನ್ ಸವೆದೋಗುತ್ತಾ?" ಎಂಬುದು ಅವಳ ವಾದ. ಸಂಜೆ ಮೋಟ್ರು ಹಾಕಿ ತೊಟ್ಟಿ ತುಂಬಿಸಿಡುತ್ತಾಳೆ, ಅಷ್ಟೆ.

ಹೋದ ವರ್ಷ ಆ ವಾರ ನಾನೂ ಅಲ್ಲಿದ್ದೆ. ಬೆಳಿಗ್ಗೆ ಆರಕ್ಕೆ ತೋಟಕ್ಕೆ ಹೋದರೆ ಒಂದು ನರಪಿಳ್ಳೆಯೂ ಇಲ್ಲ. ಪೇಪರ್ ತಟ್ಟೆಗಳು, ನೀರಿನ ಬಾಟಲಿಗಳು, ನೋವಿನ ಮುಲಾಮಿನ ಖಾಲಿ ಟ್ಯೂಬು, ಕಾಲಿಗೆ ಸುತ್ತಿ ಬಿಚ್ಚಿದ ಬ್ಯಾಂಡೇಜು. ನೀರೊಲೆಗೆಂದು ದೊಡ್ಡಮ್ಮ ಒಟ್ಟಿದ್ದ ತೆಂಗಿನ ಮಟ್ಟೆಯ ರಾಶಿಯಲ್ಲಿ ಅರ್ಧ ಬೂದಿಯಾಗಿತ್ತು. ಅವಳು ಮಂಕರಿ ತಂದು ಬಗ್ಗಿ ಒಂದೊಂದೇ ತಟ್ಟೆ ಆರಿಸತೊಡಗಿದಳು. ನನಗೆ ಸಿಟ್ಟು ಬಂತು. "ಬರೋ ವರ್ಷ ಬೇಲಿ ಹಾಕ್ಸು ದೊಡ್ಡಮ್ಮ" ಅಂದೆ.

"ಬೊಬ್ಬೆ ಎದ್ದ ಕಾಲು ಕಣಪ್ಪ ಅವರ್ದು, ಬಗ್ಗಿ ಗುಡ್ಸಕ್ಕಾಯ್ತದಾ?" ಅಂದಳು. ಅವಳ ಮಂಡಿನೋವು ಊರಿಗೆಲ್ಲ ಗೊತ್ತು.

ನಾನು ಸುಮ್ಮನಾದದ್ದು ಆ ಮಾತಿಗೆ ಮಾತ್ರ ಅಲ್ಲ. ಎಂ.ಎ. ಓದುವಾಗ ನಾನೂ ನಾಲ್ವರು ಗೆಳೆಯರ ಜೊತೆ ಇದೇ ದಾರಿಯಲ್ಲಿ ನಡೆದಿದ್ದೆ. ಚನ್ನರಾಯಪಟ್ಟಣ ದಾಟಿದ ಮೇಲೆ ಒಂದು ರಾತ್ರಿ ಯಾರದೋ ತೋಟದಲ್ಲಿ ಮಲಗಿದೆವು. ಚಳಿಯಿತ್ತು. ಪಕ್ಕದಲ್ಲಿ ಸೌದೆಯ ರಾಶಿಯಿತ್ತು. ಉರಿಸಿದೆವು. ಮಾಲೀಕನ ಮುಖ ನೋಡುವ ಮೊದಲೇ, ಕತ್ತಲಲ್ಲೇ ಎದ್ದು ಹೊರಟೆವು. ಆಮೇಲೆ ತುಮಕೂರಿನ ಹಾಸ್ಟೆಲಿನಲ್ಲಿ ಆ ಬೆಂಕಿಯ ಕಥೆಯನ್ನು ಎಷ್ಟು ಸಲ ಹೇಳಿಕೊಂಡು ನಕ್ಕಿದ್ದೇವೋ. ಆ ಸೌದೆಯನ್ನು ಯಾರೋ ಒಬ್ಬರು ಬಗ್ಗಿ ಆರಿಸಿ ಒಟ್ಟಿದ್ದರು ಎಂಬುದು ಈ ಮಂಕರಿ ನೋಡುವವರೆಗೂ ನನಗೆ ಹೊಳೆದಿರಲಿಲ್ಲ.

ಒಂದು ರಾತ್ರಿ ಮಲಗಿದ ನೆಲಕ್ಕೆ ನಾವು ಏನು ಕೊಡಬೇಕು? ಕಾಂಟ್ 1795ರಲ್ಲಿ ಬರೆದ ಶಾಶ್ವತ ಶಾಂತಿಯ ಕುರಿತ ಪ್ರಬಂಧದಲ್ಲಿ ಇದಕ್ಕೆ ಹತ್ತಿರದ ಒಂದು ಮಾತಿದೆ. ಭೂಮಿ ಗುಂಡಗಿದೆ, ಮನುಷ್ಯರು ಅದರ ಮೇಲೆ ಕೊನೆಯಿಲ್ಲದಂತೆ ಚದುರಿಹೋಗಲು ಸಾಧ್ಯವಿಲ್ಲ, ಒಬ್ಬರನ್ನೊಬ್ಬರು ಸಹಿಸಿಕೊಳ್ಳಲೇಬೇಕು. ಆದ್ದರಿಂದ ಪರಸ್ಥಳಕ್ಕೆ ಬಂದವನನ್ನು ಶತ್ರುವಿನಂತೆ ಕಾಣಬಾರದು ಎಂಬುದು ದಯೆಯಲ್ಲ, ಹಕ್ಕು. ಆದರೆ ಅದು ಭೇಟಿಯ ಹಕ್ಕು, ಅತಿಥಿಯಾಗಿ ಸತ್ಕಾರ ಪಡೆಯುವ ಹಕ್ಕಲ್ಲ. (ತನ್ನ ಊರಿನ ಸುತ್ತಮುತ್ತ ಬಿಟ್ಟು ದೂರ ಹೋಗದ ಮನುಷ್ಯ ದಾರಿಹೋಕರ ಬಗ್ಗೆ ಇಷ್ಟು ಯೋಚಿಸಿದ್ದು ನನಗೆ ಇಷ್ಟ.) ಹಾಗಾದರೆ ತೋಟದಲ್ಲಿ ಕಾಲು ಚಾಚುವುದು ಹಕ್ಕಿಗೆ ಹತ್ತಿರ ಬರಬಹುದು, ತೊಟ್ಟಿಯ ನೀರು ದೊಡ್ಡಮ್ಮನ ದಯೆ, ಮಟ್ಟೆಯ ರಾಶಿ ಎರಡೂ ಅಲ್ಲ. ಇಲ್ಲಿಯವರೆಗೆ ಲೆಕ್ಕ ಸರಿ. ಬೆಳಿಗ್ಗೆ ಗುಡಿಸುವವರು ಯಾರು ಎಂಬುದಕ್ಕೆ ಮಾತ್ರ ಈ ಲೆಕ್ಕದಲ್ಲಿ ಜಾಗವಿಲ್ಲ.

ಅಮೆರಿಕದಲ್ಲಿ ಅಪಲಾಚಿಯನ್ ಟ್ರೇಲ್ ಎಂಬ ಕಾಲುದಾರಿ ಇದೆ. 1937ರಲ್ಲಿ ಪೂರ್ಣಗೊಂಡ, ಸುಮಾರು 3,500 ಕಿ.ಮೀ. ಉದ್ದದ ದಾರಿ, ಉದ್ದಕ್ಕೂ ತಂಗುವ ಮಾಡುಗಳು, ಟೆಂಟ್ ಹಾಕಲು ಗುರುತಿಸಿದ ಜಾಗಗಳು. ಅಲ್ಲಿ ನಡೆಯುವವರು ಪಾಲಿಸುವ ನೀತಿ ಒಂದು: ಗುರುತು ಉಳಿಸದೆ ಹೋಗು. ಕಸ ಹೊತ್ತು ತಾ, ಆಗಲೇ ಗಟ್ಟಿಯಾಗಿರುವ ನೆಲದಲ್ಲಿ ಮಲಗು, ಬೆಂಕಿ ಚಿಕ್ಕದಿರಲಿ. ನಮ್ಮ ಪಾದಯಾತ್ರಿಗಳು ಇದನ್ನು ಕಲಿತರೆ ದೊಡ್ಡಮ್ಮನ ಸೊಂಟ ಉಳಿಯುತ್ತದೆ, ನಿಜ. ಆದರೂ ಈ ನೀತಿ ನನಗೆ ಪೂರ್ತಿ ಒಗ್ಗುವುದಿಲ್ಲ. ಅದು ಎದುರಿಗೆ ಮನುಷ್ಯರಿಲ್ಲದ ಕಾಡನ್ನು ಕಲ್ಪಿಸಿಕೊಂಡ ನೀತಿ. ಕುಣಿಗಲ್ ಸೀಮೆಯಲ್ಲಿ ಅಂಥ ನೆಲ ಎಲ್ಲಿದೆ? ಪ್ರತಿ ತುಂಡಿಗೂ ಒಬ್ಬರು ನೀರು ಹಾಯಿಸಿದವರಿದ್ದಾರೆ.

ಅದೇ ರಸ್ತೆಯ ಬದಿಯ ಹೊಲಗಳಿಗೆ ಕೊಯ್ಲು ಮುಗಿದ ಮೇಲೆ ಕುರಿಗಾಹಿಗಳೂ ಬರುತ್ತಾರೆ. ಕಂಬಳಿ, ಬಲೆ, ಪಾತ್ರೆಪಗಡಗಳ ಜೊತೆ ನೂರಾರು ಕುರಿ. ರಾತ್ರಿ ಹೊಲದಲ್ಲಿ ಮಂದೆ ನಿಲ್ಲಿಸಲು ರೈತರೇ ಅವರನ್ನು ಕರೆಯುತ್ತಾರೆ, ದುಡ್ಡೋ ರಾಗಿಯೋ ಕೊಡುತ್ತಾರೆ. ಬೆಳಿಗ್ಗೆ ಮಂದೆ ಎದ್ದುಹೋದ ಮೇಲೆ ಹೊಲದ ತುಂಬ ಹಿಕ್ಕೆ, ಗಂಜಲ. ಮುಂದಿನ ರಾಗಿ ಆ ಗುರುತಿನ ಮೇಲೆ ಬೆಳೆಯುತ್ತದೆ. ಗುಬ್ಬಿಯ ಕಡೆ ಹಳಬರಿಗೆ ಕ್ಯಾಂಪ್ ಎಂದರೆ ನಾಟಕ ಕಂಪನಿಯ ಕ್ಯಾಂಪೇ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ ಊರೂರಲ್ಲಿ ಕ್ಯಾಂಪ್ ಹಾಕಿಕೊಂಡೇ ಬೆಳೆಯಿತು, ಹೋದ ಊರಿಗೆ ನಾಟಕ ಕೊಟ್ಟಿತು. ಇವರಿಬ್ಬರೂ ಗುರುತು ಉಳಿಸಿಯೇ ಹೋದವರು. ಯಾರೂ ಅವರ ಹಿಂದೆ ಮಂಕರಿ ಹಿಡಿದು ಗೊಣಗಲಿಲ್ಲ.

ಸಾಹಿತ್ಯ ಓದಿದ ನಮಗೆ ಜಂಗಮ ಎಂಬ ಮಾತಿನ ಮೇಲೆ ಮೋಹ. ಸ್ಥಾವರ ಎಂದೊಡನೆ ಮೂಗು ಮುರಿಯುತ್ತೇವೆ. ತೋಂಟದ ಸಿದ್ಧಲಿಂಗರು 701 ವಿರಕ್ತರ ಜೊತೆ ಸಂಚರಿಸಿದವರು; ಅವರ ಗದ್ದುಗೆ ಇರುವ ಯಡಿಯೂರು ದೊಡ್ಡಮ್ಮನ ತೋಟದಿಂದ ದೂರವೇನಿಲ್ಲ. ಅಷ್ಟು ಜನ ನಡೆಯುತ್ತ ಹೋದರೆಂದರೆ ಪ್ರತಿ ರಾತ್ರಿಯೂ ಎಲ್ಲೋ ಯಾರೋ ನೀರು ತುಂಬಿಸಿಟ್ಟಿರಬೇಕು. ನಾನು ಅಧ್ಯಯನಕ್ಕೆಂದು ಓದುವ ಪುಟಗಳಲ್ಲಿ ನಡೆದವರ ಹೆಸರು ಇದೆ. ನೀರು ಸೇದಿದವರದು ಅಪರೂಪಕ್ಕೆ.

ಈ ವರ್ಷ ನಾನು ರಜೆ ಹಾಕಿ ಹೋಗಿ ಮೂರು ಬೆಳಿಗ್ಗೆ ತೋಟ ಗುಡಿಸಿದೆ. ಒಬ್ಬರಿಂದ ಪಡೆದದ್ದನ್ನು ಇನ್ನೊಬ್ಬರಿಗೆ ಮಾಡಿ ತೀರಿಸುವುದು ನಮ್ಮಲ್ಲಿ ಒಪ್ಪಿತವಾದ ದಾರಿ. ಸಮಾಧಾನವೂ ಆಯಿತು, ಅನುಮಾನವೂ ಉಳಿಯಿತು. ಸಾಲವನ್ನು ಬೇರೆಯವರಿಗೆ ತೀರಿಸಿದರೆ ಕೊಟ್ಟವನಿಗೆ ಏನು ಸಿಕ್ಕಿತು? ಅವನ ಸೌದೆ ಸುಟ್ಟೇ ಹೋಗಿದೆ. ಅದೂ ಅವನು ಕೊಟ್ಟದ್ದಲ್ಲ, ನಾವು ತೆಗೆದುಕೊಂಡದ್ದು. ದೊಡ್ಡಮ್ಮನಿಗೆ ಇದನ್ನೆಲ್ಲ ಹೇಳಿದಾಗ ಅವಳು ಬೇರೆ ಏನನ್ನೂ ಕೇಳಲಿಲ್ಲ. "ಆ ತೋಟ ಎಲ್ಲೈತೆ ಅಂತ ಗೊತ್ತಾ?" ಅಂದಳು.

ಗೊತ್ತು. ಹಾಸನಕ್ಕೆ ಹೋಗುವಾಗ ಎರಡು ಸಲ ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ. ಗೇಟಿನ ಪಕ್ಕ ಒಂದು ಹುಣಸೆಮರ ಇದೆ. ಎಕ್ಸ್‌ಪ್ರೆಸ್ ಬಸ್ಸು ಅಲ್ಲಿ ನಿಲ್ಲುವುದಿಲ್ಲ. ಇಳಿಯಬೇಕಾದರೆ ಮೊದಲೇ ಕಂಡಕ್ಟರಿಗೆ ಹೇಳಬೇಕು.