ಕರಡಿಯ ಕಾಡಿಗೆ ಕೋವಿಯನ್ನೊಯ್ಯಬಹುದೆ?



ನಮ್ಮ ಮನೆಗಳ ಮಕ್ಕಳು ಅನೇಕರು ಇಂದು ಅಮೆರಿಕದಲ್ಲಿ ನೆಲಸಿದ್ದಾರೆ. ರಜೆಯಲ್ಲಿ ಅವರು ಯೆಲ್ಲೋಸ್ಟೋನ್‌ನಂತಹ ರಾಷ್ಟ್ರೀಯ ಉದ್ಯಾನಗಳ ಬೆಟ್ಟದ ದಾರಿಗಳಲ್ಲಿ ತಿರುಗಾಡಲು ಹೋಗುವುದುಂಟು. ಅಲ್ಲಿ ಗ್ರಿಜ್ಲಿಯೆಂಬ ದೊಡ್ಡ ಕರಡಿಗಳಿವೆ. 2010ರ ಫೆಬ್ರುವರಿಯಿಂದ ಆ ಉದ್ಯಾನಗಳಲ್ಲಿ, ಆಯಾ ರಾಜ್ಯದ ಕಾನೂನಿಗೆ ಒಳಪಟ್ಟು, ಕೋವಿಯನ್ನು ಇಟ್ಟುಕೊಳ್ಳಲು ಅನುಮತಿಯಿದೆ. ಅಣುವ್ರತಿಯಾದ ಗೃಹಸ್ಥನು ಪ್ರಾಣರಕ್ಷಣೆಗೆಂದು ಅದನ್ನು ಒಯ್ದರೆ ವ್ರತಕ್ಕೆ ಭಂಗವೆ?

ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ತ್ಯಜಿಸಲೇಬೇಕು. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳನ್ನು ಪೂರ್ಣವಾಗಿ ಬಿಡಲಾರನು. ಇದನ್ನೇ ಹಿಡಿದು, ಮೇಲೆ ಬಿದ್ದ ಮೃಗವನ್ನು ಕೊಲ್ಲುವುದು ವಿರೋಧೀ ಹಿಂಸೆಯಾದ್ದರಿಂದ ಚಿಂತೆಯಿಲ್ಲವೆಂದು ವಾದಿಸುವವರಿದ್ದಾರೆ. ಮನೆಗೆ ನುಗ್ಗಿದ ಕಳ್ಳನನ್ನು ಎದುರಿಸುವ ಮಾತು ಬೇರೆ. ಇಲ್ಲಿ ಕರಡಿಯು ನಮ್ಮ ಮನೆಗೆ ಬಂದಿಲ್ಲ. ವಿನೋದಕ್ಕಾಗಿ ನಾವೇ ಅದರ ಮನೆಗೆ ಹೋಗಿದ್ದೇವೆ. ವಿರೋಧವನ್ನು ಹುಡುಕಿಕೊಂಡು ಹೋದವನಿಗೆ ಈ ವಿನಾಯಿತಿ ಸಲ್ಲುವುದು ಬಹಳ ಕಡಿಮೆಯೆಂದೇ ನನ್ನ ಎಣಿಕೆ.

'ಒಯ್ಯುವೆನಷ್ಟೆ, ಹಾರಿಸುವುದಿಲ್ಲ' ಎಂಬ ಸಮಾಧಾನವೊಂದುಂಟು. ಯಶೋಧರ ಮಹಾರಾಜನು ಕಡಿದದ್ದು ಹಿಟ್ಟಿನ ಕೋಳಿಯನ್ನು. ಆದರೂ ಅವನು ನವಿಲಾಗಿ, ತಾಯಿಯು ನಾಯಾಗಿ ಹುಟ್ಟಿ, ಇಬ್ಬರೂ ಭವಭವಗಳಲ್ಲಿ ತೊಳಲಿದರು. ಬಲಿಯ ಸಂಕಲ್ಪವೂ ಪ್ರಾಣಭಯವೂ ಒಂದೇ ಎಂದು ನಾನು ಹೇಳಲಾರೆ. ಆದರೆ ಗುಂಡು ತುಂಬುವಾಗಲೇ 'ಬಂದರೆ ಕೊಲ್ಲುವೆನು' ಎಂಬ ಪರಿಣಾಮವು ಮನಸ್ಸಿನಲ್ಲಿ ಹುಟ್ಟಿರುತ್ತದಲ್ಲವೆ? ರಾಗಾದಿಗಳ ಉದಯವೇ ಹಿಂಸೆಯೆಂಬುದು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಾಚಾರ್ಯರ ನಿರ್ಣಯ. ಒಂದು ಕ್ರೂರಮೃಗವನ್ನು ಕೊಂದರೆ ಬಹುಜೀವಗಳು ಉಳಿಯುವುವೆಂಬ ತರ್ಕವನ್ನೂ ಅವರು ಅಲ್ಲಿಯೇ ನಿರಾಕರಿಸಿದ್ದಾರೆ. ಇನ್ನು ಗೆಳೆಯನಿಗೆ ಕೋವಿಯನ್ನು ಎರವಲು ಕೊಡುವುದಂತೂ ಹಿಂಸಾದಾನ, ಅನರ್ಥದಂಡದಲ್ಲಿಯೇ ಸೇರಿತು.

ಹಾಗೆಂದು, ನರಿಗಳು ಮೈಯನ್ನು ತಿನ್ನುತ್ತಿದ್ದರೂ ಚಲಿಸದ ಸುಕುಮಾರಸ್ವಾಮಿಯ ಆದರ್ಶವನ್ನು ನಮ್ಮ ಹುಡುಗರ ಮೇಲೆ ಹೊರಿಸಬಾರದು. ಉಪಸರ್ಗವನ್ನು ಸಹಿಸುವುದು ಮುನಿಗಳ ಮಾರ್ಗ. ಹುಡುಗರು ಕ್ಷೇಮವಾಗಿ ತಾಯಿಯ ಬಳಿಗೆ ಹಿಂದಿರುಗಬೇಕು.

ಅದಕ್ಕೆ ಉಪಾಯವುಂಟು. ಮೆಣಸಿನಕಾಯಿಯ ಖಾರವನ್ನು ತುಂಬಿದ ಸಿಂಪರಣೆ ಡಬ್ಬಿಗಳು ಅಲ್ಲಿ ದೊರೆಯುತ್ತವೆ. ಅಲಾಸ್ಕದಲ್ಲಿ 1985ರಿಂದ 2006ರವರೆಗೆ ನಡೆದ ಪ್ರಸಂಗಗಳನ್ನು ಪರಿಶೀಲಿಸಿದಾಗ, ಕರಡಿಗಳನ್ನು ಸಮೀಪದಲ್ಲಿ ಎದುರಿಸಿದವರ ಪೈಕಿ ಡಬ್ಬಿಯಿದ್ದವರಲ್ಲಿ 100ಕ್ಕೆ 98 ಮಂದಿ ಗಾಯವಿಲ್ಲದೆ ಪಾರಾಗಿದ್ದರು. ಕರಡಿಯ ಕಣ್ಣುಮೂಗು ಸ್ವಲ್ಪ ಕಾಲ ಉರಿಯುತ್ತದೆ. ಅದರ ಪ್ರಾಣ ಉಳಿಯುತ್ತದೆ. ಉರಿಸಿದ್ದೂ ಪೀಡೆಯೇ. ಆ ಸಂಜೆಯ ಪ್ರತಿಕ್ರಮಣದಲ್ಲಿ ಅದನ್ನು ಹೆಸರಿಸಿ ಆಲೋಚನೆ ಮಾಡಿಕೊಳ್ಳತಕ್ಕದ್ದು.

ಡಬ್ಬಿಗಿಂತಲೂ ಮೇಲಾದದ್ದು ಎಚ್ಚರಿಕೆ. ಮೂವರಿಗೆ ಕಡಿಮೆಯಾಗದೆ, ಮಾತನಾಡುತ್ತ ನಡೆಯಬೇಕು. ಸದ್ದು ಕೇಳಿದ ಕರಡಿಯು ಸಾಮಾನ್ಯವಾಗಿ ತಾನೇ ಸರಿಯುತ್ತದೆ. ಕಂಡರೆ 100 ಗಜ ದೂರವಿರಬೇಕೆಂದು ಯೆಲ್ಲೋಸ್ಟೋನ್‌ನ ನಿಯಮ. ಮುಂಜಾವಿನಲ್ಲಿ, ಮುಸ್ಸಂಜೆಯಲ್ಲಿ, ರಾತ್ರಿಯಲ್ಲಿ ನಡೆಯಬೇಡಿರೆಂದೂ, ಆಹಾರವನ್ನು ಹೊರಗಿಡದೆ ಭದ್ರಪಡಿಸಿರೆಂದೂ ಅಲ್ಲಿಯ ಅಧಿಕಾರಿಗಳು ತಿಳಿಸುತ್ತಾರೆ. ಅನಸ್ತಮಿತ ವ್ರತವುಳ್ಳವನಿಗೆ ಇದರಲ್ಲಿ ಹೊಸದೇನಿದೆ? ಸೂರ್ಯಾಸ್ತಕ್ಕೆ ಮುಂಚೆಯೇ ಉಂಡು ಪಾತ್ರೆ ತೊಳೆದಿಟ್ಟವನ ಡೇರೆಯ ಬಳಿ ಇರುಳಿನಲ್ಲಿ ಅಡುಗೆಯ ವಾಸನೆಯೇಳುವುದಿಲ್ಲ.

ಇಷ್ಟಾದರೂ ಮನಸ್ಸಿನ ಭಯ ಹೋಗದವನು ದೇಶವ್ರತವನ್ನು ಸ್ವೀಕರಿಸಲಿ. 'ಈ ಪ್ರವಾಸದಲ್ಲಿ ಡಾಂಬರು ರಸ್ತೆಯನ್ನು ಬಿಟ್ಟು ಕಾಡಿನೊಳಗೆ ಕಾಲಿಡುವುದಿಲ್ಲ' ಎಂದು ಹೊರಡುವ ದಿನವೇ ಜಿನಬಿಂಬದ ಮುಂದೆ ನಿಯಮ ಮಾಡಿಕೊಂಡರೆ ಸಾಕು; ಬೆಟ್ಟಗಳು ರಸ್ತೆಯಿಂದಲೂ ಚೆನ್ನಾಗಿಯೇ ಕಾಣುತ್ತವೆ.